ಪುಂಡಿಯ ನೀರು

ನನ್ನ ಮಗಳು ಸುಮಾ ಬೇಯಿಸಿದ ಸೊಪ್ಪಿನ ನೀರು ಬಸಿಯುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಣಗಿದ ಬಟ್ಟೆ ತರುವ ನೆಪವೋ, ಬಾಗಿಲಲ್ಲಿ ಯಾರೋ ಕರೆದಂತಾಯಿತೆಂಬ ನೆಪವೋ, ಏನಾದರೊಂದು ಹೇಳಿ ಹೊರಗೆ ಬಂದುಬಿಡುತ್ತಿದ್ದೆ. ನನ್ನ ಕಿಡ್ನಿಗಳು ಸೋತಿವೆಯೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಅವರು ಬರೆದುಕೊಟ್ಟ ಹಾಳೆ ಚಿತ್ತಾಪುರದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ. ಕಾಳು ಕಡಿಮೆ, ಸೊಪ್ಪು ಕಡಿಮೆ. ತಿನ್ನಲೇಬೇಕೆಂದರೆ ತುಂಬ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಉಳಿದದ್ದರಲ್ಲಿ ಎರಡೇ ಚಮಚ. ಊರೆಲ್ಲ ಈಗ ಸೊಪ್ಪು ತಿನ್ನಿ, ಮೊಳಕೆ ಕಾಳು ತಿನ್ನಿ, ತೌಡು ತೆಗೆಯದ ಧಾನ್ಯ ತಿನ್ನಿ ಎಂದು ಬಾಯಿ ಬಡಿದುಕೊಳ್ಳುತ್ತಿದೆ. ಮೊಬೈಲು ತೆರೆದರೆ ಅದೇ ಮಾತು, ಮದುವೆಮನೆಯ ಪಂಕ್ತಿಯಲ್ಲೂ ಅದೇ ಮಾತು. ನಾನು ಹಲ್ಲು ಬಂದಾಗಿನಿಂದ ಅದನ್ನೇ ತಿಂದು ಬೆಳೆದವಳು, ಮೇಷ್ಟ್ರಾಗಿ ಇಷ್ಟು ವರ್ಷ ಮಕ್ಕಳಿಗೆ ಅದನ್ನೇ ಹೇಳಿದವಳು. ಜಗತ್ತಿಗೆಲ್ಲ ಬುದ್ಧಿ ಬಂದ ಹೊತ್ತಿಗೆ ಸರಿಯಾಗಿ ನನಗೊಬ್ಬಳಿಗೆ ಬಾಗಿಲು ಹಾಕಿದ್ದಾರೆ. ಸಿಟ್ಟು ಬರುವುದಿಲ್ಲವೇ ಹೇಳಿ. ಹಾಗಂತ ಸುಳ್ಳು ಹೇಳುವುದಿಲ್ಲ, ಕಿಡ್ನಿ ಕೆಟ್ಟದ್ದು ಸೊಪ್ಪಿನಿಂದಲ್ಲ. ಬಿ.ಪಿ. ಗುಳಿಗೆ ನುಂಗಲು ಸೋಮಾರಿತನ ಮಾಡಿದವಳು ನಾನೇ. ಆದರೂ ಆ ಹಸಿರು ನೀರು ಗುಳುಗುಳು ಎಂದು ಮೋರಿಗೆ ಇಳಿಯುವ ಸದ್ದು ನನಗೆ ತಡೆಯಲಾಗುತ್ತಿರಲಿಲ್ಲ. ನಾನು ಬೆಳೆದ ಮನೆಯಲ್ಲಿ ಆ ನೀರನ್ನು ಚೆಲ್ಲುವ ಹಕ್ಕು ಯಾರಿಗೂ ಇರಲಿಲ್ಲ.

ಆ ಮನೆ ಶಹಾಬಾದದಲ್ಲಿತ್ತು. ನೆಲ ಫರಸಿ ಹಾಸುಗಲ್ಲಿನದು, ಮಾಳಿಗೆ ಫರಸಿ, ಅಡುಗೆಕಟ್ಟೆ ಫರಸಿ. ಹಿತ್ತಲ ಗೋಡೆಯೆಂದರೂ ಸಾಲಾಗಿ ನೆಟ್ಟು ನಿಲ್ಲಿಸಿದ ಫರಸಿ ಕಲ್ಲುಗಳೇ. ಎರಡು ಓಣಿ ದಾಟಿದರೆ ಕಲ್ಲು ಕೊಯ್ಯುವ ಯಂತ್ರಗಳು. ಅವುಗಳ ಸದ್ದು ನಮಗೆ ಕೇಳಿಸುತ್ತಲೇ ಇರಲಿಲ್ಲ, ನಿಂತಾಗ ಮಾತ್ರ ಏನೋ ಆಯಿತೆಂದು ತಲೆಯೆತ್ತುತ್ತಿದ್ದೆವು. ಕಲ್ಲಿನ ಹಿಟ್ಟು ಗಾಳಿಯಲ್ಲಿ ಬಂದು ಗಿಡಗಳ ಮೇಲೆ ಕೂಡುತ್ತಿದ್ದುದರಿಂದ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕಿತ್ತು. ಮೊದಲನೆಯದು ಸುಣ್ಣದ ನೀರಿನಂತೆ ಬೆಳ್ಳಗೆ, ಎರಡನೆಯದು ಮಜ್ಜಿಗೆಯಂತೆ ತೆಳ್ಳಗೆ, ಮೂರನೆಯದಕ್ಕೆ ತಳ ಕಾಣಬೇಕು. ಆ ಕೆಲಸ ಅಜ್ಜಿಯದು. ಅಪ್ಪನ ತಾಯಿ ಅವಳು. ಊಟದ ನಂತರ ತಣ್ಣನೆಯ ಫರಸಿಯ ಮೇಲೆ ಕಾಲು ಚಾಚಿ ಕುಳಿತು, ಮಡಿಲಲ್ಲಿ ಸೊಪ್ಪು ಹಾಕಿಕೊಂಡು ಒಂದೊಂದೇ ಎಲೆ ಬಿಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಜೋಳದ ಹಿಟ್ಟಿಗೆ ಜರಡಿ ಹಿಡಿಯುತ್ತಿರಲಿಲ್ಲ. ಹೆಸರುಕಾಳು ಸಿಪ್ಪೆಯೊಂದಿಗೇ ಒದ್ದೆ ಬಟ್ಟೆಯಲ್ಲಿ ಮೊಳಕೆ ಒಡೆಯುತ್ತಿತ್ತು. ಮೂಲಂಗಿಯ ಗಡ್ಡೆಗಿಂತ ಮೊದಲು ಅದರ ತಪ್ಪಲು, ಅಂದರೆ ಎಲೆ, ಹಸಿಯಾಗಿಯೇ ರೊಟ್ಟಿಯ ಬದಿಗೆ ಬಂದು ಕೂಡುತ್ತಿತ್ತು. ಅಗಸೆ ಹಿಂಡಿ, ಎಳ್ಳಿನ ಹಿಂಡಿ, ಗಾಣದ ಕುಸುಬಿ ಎಣ್ಣೆ. ಇದಕ್ಕೆಲ್ಲ ಆರೋಗ್ಯವೆಂಬ ಹೆಸರಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಅದು ಬರೀ ಊಟವಾಗಿತ್ತು, ಮತ್ತು ನನಗೆ ಆ ಊಟವೇ ಬೇಕೆನ್ನಿಸುತ್ತದೆ, ಈಗಲೂ, ಈ ಕ್ಷಣಕ್ಕೂ.

ಎಲ್ಲಕ್ಕಿಂತ ಅಜ್ಜಿಗೆ ಪುಂಡಿಯೆಂಬ ಹುಳಿಸೊಪ್ಪೆಂದರೆ ಪ್ರಾಣ. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿ, ಚೆನ್ನಾಗಿ ಮಸೆದು, ಹಿಂಗಿನ ಒಗ್ಗರಣೆ ಕೊಟ್ಟ ಪುಂಡಿಪಲ್ಯ ಇದ್ದ ದಿನ ಅವಳು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು. ಹುಳಿ ಹೆಚ್ಚೆಂದು ಕೆಲವು ಮನೆಗಳಲ್ಲಿ ಪುಂಡಿ ಬೇಯಿಸಿದ ಮೊದಲ ನೀರು ಬಸಿದುಬಿಡುತ್ತಾರೆ. ನಮ್ಮಲ್ಲಿ ಆ ನೀರು ಅಜ್ಜಿಯ ಪಾಲು. ಅದಕ್ಕೆ ಉಪ್ಪು, ಜಜ್ಜಿದ ಜೀರಿಗೆ ಹಾಕಿ, ಬಟ್ಟಲಲ್ಲಿ ಹಾಕಿಕೊಂಡು, ಕಣ್ಣು ಮುಚ್ಚಿ ಗುಟುಕರಿಸುತ್ತಿದ್ದಳು. ಒಮ್ಮೆ ನನ್ನ ಅವ್ವ ಸೀತಾ ತಿಳಿಯದೆ ಚೆಲ್ಲಿದ್ದಕ್ಕೆ ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಅವ್ವನಿಗೆ ಹೇಳಿದಳು:

"ಪಲ್ಯಾದ ಜೀವ ನೀರಾಗ ಇರ್ತದ ಸೀತಾ. ಅದನ್ನ ಚೆಲ್ಲಿ ಪಲ್ಯಾ ತಿಂದ್ರ ಬರೇ ನಾರು ತಿಂದಂಗ."

ಪುಂಡಿ ಬರುತ್ತಿದ್ದದ್ದು ಗೋಡೆಯ ಆಚೆಯಿಂದ. ಆಚೆಯ ಹಿತ್ತಲು ನೀಲಮ್ಮ ಕಾಕಿಯದು. ಅವರದು ಒಕ್ಕಲುತನದ ಮನೆ, ಕೊರಳಲ್ಲಿ ಲಿಂಗ ಕಟ್ಟಿದವರು. ನಾವು ಮಡಿ, ಮುಸುರೆ ಎಂದು ಹತ್ತು ಕಟ್ಟಳೆಯವರು. ಅವರ ಮನೆಯಲ್ಲಿ ಬೇಯಿಸಿದ್ದು ನಮಗೆ ನಡೆಯುತ್ತಿರಲಿಲ್ಲ, ಆದರೆ ಹಸಿ ಸೊಪ್ಪಿಗೆ ಯಾವ ಮಡಿ? ಎರಡು ಫರಸಿಗಳ ನಡುವೆ ಕೈ ಹಿಡಿಸುವಷ್ಟು ಸಂದು ಇತ್ತು. ಅಲ್ಲಿಂದ ವಾರಕ್ಕೆರಡು ಸಲ ಕಟ್ಟಿದ ಪುಂಡಿಯ ಸೂಡು ನಮ್ಮ ಕಡೆ ತೂರಿಬರುತ್ತಿತ್ತು, ನಮ್ಮ ಕಡೆಯಿಂದ ಕರಿಬೇವು ಆ ಕಡೆ ಹೋಗುತ್ತಿತ್ತು.

ಆದರೆ ವರ್ಷಕ್ಕೊಮ್ಮೆ ಒಂದು ತಿಂಗಳು ಆ ಸಂದು ಮುಚ್ಚುತ್ತಿತ್ತು. ನಮ್ಮಂಥ ವೈಷ್ಣವರ ಮನೆಗಳಲ್ಲಿ ಚಾತುರ್ಮಾಸದ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲನೆಯದು ಶಾಕವ್ರತ: ಸೊಪ್ಪಿಲ್ಲ, ತರಕಾರಿಯಿಲ್ಲ, ಹುಣಸೆಯಿಲ್ಲ, ಮೆಣಸಿನಕಾಯಿಯಿಲ್ಲ. ಹೆಸರುಬೇಳೆಯ ಸಾರಿಗೆ ಕಾಳುಮೆಣಸು, ಹುಳಿಗೆ ಒಣಮಾವಿನ ಪುಡಿ, ಅಷ್ಟೇ. ಇದು ಬರುವುದಾದರೂ ಯಾವಾಗ? ಆಷಾಢ ಕಳೆದು ಶ್ರಾವಣ ಕಾಲಿಡುವಾಗ, ಮಳೆಗೆ ಕಲ್ಲಿನ ಹಿಟ್ಟೆಲ್ಲ ತೊಳೆದುಹೋಗಿ ಗಿಡಗಳು ಮಿರಮಿರ ಮಿಂಚುವಾಗ. ಆಚೆ ಹಿತ್ತಲಲ್ಲಿ ಪುಂಡಿ ಮೊಣಕಾಲೆತ್ತರ ಬೆಳೆದು ನಿಂತಿರುತ್ತಿತ್ತು. ನೀಲಮ್ಮ ಕಾಕಿ ಬಳ್ಳೊಳ್ಳಿ ಒಗ್ಗರಣೆ ಹಾಕಿದರೆ ಅದರ ವಾಸನೆ ನೇರವಾಗಿ ನಮ್ಮ ಪಡಸಾಲೆಗೆ ಬರುತ್ತಿತ್ತು. ನಾವು ತೊವ್ವೆ ಕಲಸಿದ ಅನ್ನವನ್ನು ಮುಂದಿಟ್ಟುಕೊಂಡು ಮೂಗಿನಲ್ಲಿ ಊಟ ಮಾಡುತ್ತಿದ್ದೆವು. ನಾನು ಕೈಕಾಲು ಬಡಿದು ರಂಪ ಮಾಡಿದ್ದೂ ಉಂಟು.

"ಅಜ್ಜಿ, ದೇವರಿಗೆ ಪುಂಡಿ ಬ್ಯಾಡಂದ್ರ ಅವನು ಬಿಡಲಿ. ನಾವ್ಯಾಕ ಬಿಡಬೇಕು?"

"ಹುಚ್ಚಿ, ಬ್ಯಾಡಾಗಿದ್ದು ಬಿಟ್ರ ಅದೇನು ವ್ರತಾ? ಎಲ್ಲಾರೂ ಪಲ್ಯಾ ಬಿಡ್ತಾರ. ನಾ ಪುಂಡಿ ಬಿಡ್ತೀನಿ. ಅವನಿಗಿ ಗೊತ್ತದ ಅದು ಎಷ್ಟು ತೂಕದ್ದು ಅಂತ."

ನಾನು ಹೇಳುತ್ತಿರುವ ವರ್ಷ ನನಗೆ ಒಂಬತ್ತು ತುಂಬಿತ್ತು. ಆ ವರ್ಷ ವ್ರತ ಹಿಡಿದು ಹತ್ತು ದಿನಕ್ಕೆ ಅಜ್ಜಿ ತುಳಸಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಳು. ತುಟಿ ಬೆಳ್ಳಗಾಗಿತ್ತು, ಒಸಡಿನಲ್ಲಿ ರಕ್ತ ಬರುತ್ತಿತ್ತು. ದವಾಖಾನೆಯ ನರ್ಸಬಾಯಿ ಮನೆಗೇ ಬಂದು ಕಣ್ಣಿನ ಕೆಳಗೆ ಎಳೆದು ನೋಡಿದರು.

"ರಕ್ತ ಭಾಳ ಕಮ್ಮಿ ಅದರಿ ಅವ್ವಾರ. ಗುಳಿಗಿ ಕೊಡ್ತೀನಿ, ಆದ್ರ ದಿನಾ ತಪ್ಪಲ ಪಲ್ಯಾ ತಿನ್ರಿ. ಪುಂಡಿ ತಿನ್ರಿ, ರಾಜಗಿರಿ ತಿನ್ರಿ, ಯಾವುದಾದರೂ ನಡೀತದ."

"ತಿಂತೀನವಾ. ದ್ವಾದಶಿ ಬರಲಿ," ಎಂದಳು ಅಜ್ಜಿ. ವ್ರತ ಮುಗಿದು ಮೊದಲ ಸೊಪ್ಪು ಉಣ್ಣುವುದು ಶ್ರಾವಣದ ದ್ವಾದಶಿಯ ಬೆಳಿಗ್ಗೆ. ಅದಕ್ಕೆ ಇನ್ನೂ ಇಪ್ಪತ್ತು ದಿನ ಬಾಕಿಯಿದ್ದವು. ಮೇಷ್ಟ್ರಾಗಿದ್ದ ಅಪ್ಪ ಅವತ್ತು ಶಾಲೆಯಿಂದ ಬಂದವನೇ ಕೋಟು ಕಳಚದೆ ಅಜ್ಜಿಯ ಎದುರು ಕುಳಿತ. ನಮ್ಮ ಮನೆಯಲ್ಲಿ ಧ್ವನಿ ಏರುವುದು ಅಪರೂಪ, ಅವತ್ತು ಏರಿತು.

"ಅವ್ವಾ, ಜಡ್ಡಾದವರಿಗಿ ಶಾಸ್ತ್ರದಾಗೇ ಬಿಡುವು ಅದ. ಹಟಾ ಮಾಡಬ್ಯಾಡ."

"ಶಾಸ್ತ್ರದಾಗ ಅದ. ನನ್ನ ಮನಸಿನ್ಯಾಗ ಇಲ್ಲ. ನೀ ಹೋಗಿ ಕೈಕಾಲು ತೊಳಕೋ."

ಆಮೇಲೆ ನಾನು ಹಿತ್ತಲ ನೀರಿನ ತೊಟ್ಟಿಯ ಹಿಂದೆ ಬರೆಯುವ ಪಾಟಿ ತೊಳೆಯುತ್ತಿದ್ದೆ. ಅಪ್ಪ, ಅವ್ವ ನನ್ನನ್ನು ನೋಡಲಿಲ್ಲ.

"ಹಿಂಗೇ ಆದ್ರ ದ್ವಾದಶಿ ತನಕ ಉಳೀತಾಳೋ ಇಲ್ಲೋ, ಸೀತಾ," ಎಂದ ಅಪ್ಪ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿಯಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ಹೋದರೆ ನನಗೆ ಬರೀ ಫರಸಿ ಕಾಣುತ್ತಿತ್ತು, ಅದರ ಮೇಲೆ ಚಾಚಿದ ಕಾಲಿಲ್ಲ. ಅವತ್ತೇ ನಾನು ನಿರ್ಧಾರ ಮಾಡಿದೆ. ಅವಳೇ ಹೇಳಿದ್ದಳಲ್ಲ, ಪಲ್ಯದ ಜೀವ ನೀರಿನಲ್ಲಿರುತ್ತದೆ ಎಂದು. ಪಲ್ಯ ಕಣ್ಣಿಗೆ ಕಾಣುತ್ತದೆ, ನೀರು ಕಾಣುವುದಿಲ್ಲ. ಒಣಮಾವಿನ ಪುಡಿಯ ಸಾರೂ ಹುಳಿ, ಪುಂಡಿಯ ನೀರೂ ಹುಳಿ. ಹುಳಿಯಲ್ಲಿ ಹುಳಿ ಬೆರೆತರೆ ಯಾವ ದೇವರಿಗೆ ತಾನೇ ಗೊತ್ತಾದೀತು ಎಂದುಕೊಂಡೆ. ಒಂಬತ್ತು ವರ್ಷಕ್ಕೆ ಇಷ್ಟು ಬುದ್ಧಿ ಹೇಗೆ ಬಂತೆಂದು ಈಗಲೂ ನನಗೆ ಆಶ್ಚರ್ಯ.

ಮರುದಿನ ಬೆಳಿಗ್ಗೆ ಫರಸಿಯ ಸಂದಿನಲ್ಲಿ ಬಾಯಿಟ್ಟು ನೀಲಮ್ಮ ಕಾಕಿಯನ್ನು ಕರೆದೆ.

"ಕಾಕಿ, ಒಂದು ಹಿಡಿ ಪುಂಡಿ ಕೊಡ್ರಿ."

"ಯಾಕವಾ ಪದ್ದಿ, ನಿಮ್ಮನ್ಯಾಗ ವ್ರತ ನಡದದಲ್ಲ?"

"ಅಡಗಿ ಆಟ ಆಡ್ಲಿಕ್ಕ."

ಕಾಕಿ ನಕ್ಕು ಚಿಗುರೆಲೆಗಳನ್ನೇ ಕಿತ್ತು ಕೊಟ್ಟರು. ನನ್ನ ಆಟದ ಸಾಮಾನಿನಲ್ಲಿ ಕಲಾಯಿ ಹಾಕಿಸಿದ ಪುಟ್ಟದೊಂದು ತಪ್ಪೇಲಿಯಿತ್ತು. ಬಚ್ಚಲ ಒಲೆಯ ಕೆಂಡದ ಮೇಲೆ ಅದನ್ನಿಟ್ಟು ಎಲೆ ಕುದಿಸಿದೆ. ಮೂರು ನೀರಿನಲ್ಲಿ ತೊಳೆದೇ ಕುದಿಸಿದೆ, ಅಷ್ಟರಮಟ್ಟಿಗೆ ನಾನು ಅಜ್ಜಿಯ ಮೊಮ್ಮಗಳು. ಎಲೆ ಬಾಡಿ ಬಣ್ಣ ಬಿಟ್ಟ ನೀರನ್ನು ಹಿಂಡಿ, ಎಲೆಯನ್ನು ಬೂದಿಯಲ್ಲಿ ಹುಗಿದೆ. ಅಜ್ಜಿ ಏಳಲಾರದೆ ಇದ್ದುದರಿಂದ ಅವಳಿಗೆ ಬಡಿಸುವ ಕೆಲಸ ನನ್ನದಾಗಿತ್ತು. ಸ್ನಾನ ಮಾಡಿಸಿ ಮಡಿಬಟ್ಟೆ ಉಡಿಸಿದರೆ ಹುಡುಗಿಯ ಕೈ ನಡೆಯುತ್ತದೆಂದು ಅವಳೇ ಒಪ್ಪಿದ್ದಳು. ಅವ್ವ ಸಾರು ಹಾಕಿಕೊಟ್ಟ ಬಟ್ಟಲನ್ನು ಹಿಡಿದು ನಡುವಿನ ಬಾಗಿಲು ದಾಟುವಾಗ ಕತ್ತಲ ಮೂಲೆಯಲ್ಲಿಟ್ಟಿದ್ದ ತಪ್ಪೇಲಿಯನ್ನು ಅದಕ್ಕೆ ಬಗ್ಗಿಸಿದೆ. ಶಾಕಭಂಗ ಒಂದು, ಬಚ್ಚಲ ಒಲೆಯ ಮೈಲಿಗೆ ಇನ್ನೊಂದು.

ಅಜ್ಜಿ ಗೋಡೆಗೆ ಒರಗಿ ಬಟ್ಟಲನ್ನು ತುಟಿಗೆ ಹಚ್ಚಿದಳು. ಒಂದು ಗುಟುಕು. ತಡೆದಳು. ಕಿಟಕಿಯ ಕಡೆ ನೋಡಿದಳು, ಹೊರಗೆ ಮಳೆ ಜಿನುಗುತ್ತಿತ್ತು. ಆಮೇಲೆ ಒಂದೇ ಸಮನೆ ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟಳು.

"ಸೀತಾ, ಇವತ್ತ ಸಾರು ಛಲೋ ಆಗ್ಯಾದ."

ಒಳಗಿನಿಂದ ಅವ್ವನಿಗೆ ಹಿಗ್ಗೋ ಹಿಗ್ಗು. ಹೀಗೆ ಆರು ದಿನ ನಡೆಯಿತು. ಆರನೆಯ ದಿನ ಅಜ್ಜಿ ತಾನಾಗಿ ಎದ್ದು ಹೋಗಿ ತುಳಸಿಗೆ ನೀರು ಹಾಕಿದಳು. ಎಲ್ಲರೂ ನರ್ಸಬಾಯಿಯ ಗುಳಿಗೆಯನ್ನು ಹೊಗಳಿದರು. ನಾನು ಬಾಯಿ ಬಿಗಿಹಿಡಿದು ಓಡಾಡಿದೆ. ಅಜ್ಜಿಯನ್ನು ಉಳಿಸಿದವಳು ನಾನು, ಯಾರಿಗೂ ಹೇಳುವ ಹಾಗಿಲ್ಲ. ಅಂದು ಬಟ್ಟಲು ಹಿಂದಕ್ಕೆ ಕೊಡುವಾಗ ಅಜ್ಜಿ ನನ್ನ ಮುಖ ನೋಡದೆ ಹೇಳಿದಳು.

"ನಾಳಿಂದ ನಿಮ್ಮವ್ವ ಬಡಸಲಿ ಪದ್ದಿ. ನೀ ಸಾಲಿಗಿ ಹೋಗು."

ನನ್ನ ಬಡಿಸುವಿಕೆಯಲ್ಲಿ ಏನೋ ಕುಂದು ಕಂಡಳೆಂದು ನನಗೆ ಸಂಕಟವಾಯಿತು. ಬೇರೇನೂ ಹೊಳೆಯಲಿಲ್ಲ.

ಏಕಾದಶಿಯ ಉಪವಾಸ ಕಳೆದು ದ್ವಾದಶಿ ಬಂತು. ಬೆಳಕು ಹರಿಯುವ ಮೊದಲೇ ಮನೆ ತುಂಬ ಪುಂಡಿಯ ವಾಸನೆ. ಹಿಂದಿನ ದಿನ ನೀಲಮ್ಮ ಕಾಕಿ ಸಂದಿನಿಂದ ಒಂದಲ್ಲ ನಾಲ್ಕು ಸೂಡು ತೂರಿಸಿದ್ದರು, ಒಂದು ತಿಂಗಳ ಬಾಕಿಯನ್ನೆಲ್ಲ ತೀರಿಸುವವರ ಹಾಗೆ. ಮುತ್ತಲ ಎಲೆಯ ಪತ್ರಾವಳಿಗಳು ಸಾಲಾಗಿ ಬಿದ್ದವು. ನನ್ನ ಬಾಯಲ್ಲಿ ನೀರು ತುಂಬಿ ಮಾತಾಡಲಾಗುತ್ತಿರಲಿಲ್ಲ. ಅವ್ವ ಪಲ್ಯದ ಪಾತ್ರೆ ಹಿಡಿದು ಮೊದಲು ಅಜ್ಜಿಯ ಎದುರು ಬಗ್ಗಿದಳು. ಅಜ್ಜಿ ಎಲೆಯ ಮೇಲೆ ಅಡ್ಡಗೈ ಹಿಡಿದಳು.

"ನನಗ ಬ್ಯಾಡ. ನಂದು ಇನ್ನೊಂದು ತಿಂಗಳ ಅದ."

ಅವ್ವನ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪನ ಮುಖ ಕೆಂಪಾಯಿತು.

"ಏನಂತೀ ಅವ್ವಾ? ಎಲ್ಲರದು ಮುಗದದ, ನಿಂದೊಂದು ಯಾಕ?"

"ನಡುವ ಭಂಗ ಆಗ್ಯಾದ. ಮತ್ತ ಮೊದಲಿಂದ ಹಿಡದೀನಿ."

"ಯಾರು ಮಾಡಿದ್ರು ಭಂಗ?"

"ನನ್ನ ಬಾಯೇ ಮಾಡ್ಯಾದ. ಸೀತಾ, ಹುಡುಗಿ ಎಲಿ ನೋಡು, ಖಾಲಿ ಅದ. ಬಡಸು."

ನನ್ನ ಎಲೆಯ ಮೇಲೆ ಪುಂಡಿ ಬಿತ್ತು, ಆವಿ ಮುಖಕ್ಕೆ ಬಡಿಯಿತು. ಒಂದು ತಿಂಗಳು ಕನಸಿನಲ್ಲಿ ಉಂಡ ಪಲ್ಯ. ತುತ್ತು ಕಲಸಿದೆ, ಬಾಯಿಗಿಡದೆ ಎಲೆಯ ಬದಿಗೆ ಸರಿಸಿದೆ.

ಎಲೆ ಎತ್ತಿದ ಮೇಲೆ ಅಜ್ಜಿ ಎಂದಿನಂತೆ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದಳು. ನಾನು ಹೋಗಿ ಅವಳ ಕಾಲಬಳಿ ಕುಳಿತೆ. ಮಾತಿಗಿಂತ ಮೊದಲು ಅಳು ಬಂತು.

"ಅಜ್ಜಿ, ಸಾರಿನ್ಯಾಗ ನಾನೇ ಪುಂಡಿ ನೀರು ಹಾಕಿದ್ದೆ."

"ಗೊತ್ತದ."

"ಯಾವಾಗ ಗೊತ್ತಾತು?"

"ಮೊದಲನೇ ದಿನಾನೇ. ಬಟ್ಟಲಾ ತುಟಿಗಿ ಹತ್ತಿದ ಕೂಡ್ಲೇ. ಹುಟ್ಟಿದಾಗಿಂದ ಕುಡದೀನಿ, ನನಗ ಗೊತ್ತಾಗಂಗಿಲ್ಲೇನು?"

"ಮತ್ತ ಯಾಕ ಬೈಲಿಲ್ಲ?"

ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅವಳಿಗೆ ನಾಚಿಕೆಯಾಗುತ್ತಿದೆಯೆಂದು ನನಗೆ ಆಗ ತಿಳಿಯಲಿಲ್ಲ. ದೊಡ್ಡವರಿಗೂ ನಾಚಿಕೆಯಾಗುತ್ತದೆಂದು ನಾನು ನೋಡಿರಲಿಲ್ಲ.

"ಮೊದಲನೇ ದಿನ, ಕೂಸು ಕಕ್ಕುಲಾತಿಲೆ ಬಡಿಸ್ಯಾದ, ಚೆಲ್ಲಬಾರದು ಅಂತ ಕುಡದೆ. ಎರಡನೇ ದಿನ ಮುಂಜಾನಿಂದ ನಾನೇ ನಿನ್ನ ದಾರಿ ಕಾಯ್ದೆ. ಯಾವಾಗ ಬರ್ತದ ಬಟ್ಟಲಾ, ಯಾವಾಗ ಬರ್ತದ ಅಂತ. ಮೊದಲನೇ ದಿನದ್ದು ನಿಂದು, ಪದ್ದಿ. ಉಳಿದ ಐದು ದಿನದ್ದು ನಂದು."

"ನಾನೂ ನಿನ್ನ ಕೂಡ ಒಂದು ತಿಂಗಳ ಬಿಡ್ತೀನಿ."

"ಬ್ಯಾಡ. ನೀ ಉಣ್ಣು. ನಾ ನೋಡ್ತೀನಿ."

ಅವಳು ನಿಜವಾಗಿಯೂ ನೋಡಿದಳು. ಆ ಒಂದು ತಿಂಗಳು ಮನೆಯಲ್ಲಿ ಪುಂಡಿಯಾದಾಗಲೆಲ್ಲ ಎಲೆ ಬಿಡಿಸಿದವಳೂ ಅವಳೇ, ಮೂರು ನೀರಿನಲ್ಲಿ ತೊಳೆದವಳೂ ಅವಳೇ. ನನ್ನನ್ನು ಎದುರಿಗೆ ಕೂರಿಸಿಕೊಂಡು ಉಣ್ಣಿಸುತ್ತಿದ್ದಳು. ಹುಳಿ ಮುಂದಿದೆಯೋ ಉಪ್ಪು ಮುಂದಿದೆಯೋ, ನುಚ್ಚು ನಾಲಿಗೆಗೆ ಸಿಗುತ್ತದೋ ಕರಗಿದೆಯೋ, ಇವತ್ತಿನ ಎಲೆ ಎಳೆಯದೋ ಬಲಿತದ್ದೋ, ಎಲ್ಲ ಹೇಳಬೇಕು. "ಛಲೋ ಅದ" ಎಂದರೆ ಒಪ್ಪುತ್ತಿರಲಿಲ್ಲ. "ಛಲೋ ಅಂದ್ರ ನನಗೇನು ತಿಳೀತದ? ಸರಿಯಾಗಿ ಹೇಳು," ಎನ್ನುತ್ತಿದ್ದಳು. ನಾನು ತುತ್ತನ್ನು ಬಾಯಲ್ಲಿಟ್ಟುಕೊಂಡು ಮಾತು ಹುಡುಕುತ್ತಿದ್ದೆ. ಮುಂದೆ ನಾನು ಕನ್ನಡ ಮೇಷ್ಟ್ರಾಗಿ ಮಕ್ಕಳ ಪ್ರಬಂಧದ ಪಕ್ಕದಲ್ಲಿ ಕೆಂಪು ಮಸಿಯಿಂದ "ಸರಿಯಾಗಿ ಹೇಳು" ಎಂದು ಬರೆಯುತ್ತಿದ್ದೆನಲ್ಲ, ಅದನ್ನು ಕಲಿತದ್ದು ಆ ಫರಸಿಯ ಮೇಲೆ. ಅಜ್ಜಿ ನರ್ಸಬಾಯಿಯ ಗುಳಿಗೆಗಳನ್ನು ಬಿಡದೆ ನುಂಗಿದಳು. ಗುಳಿಗೆಯೇನು ಪಲ್ಯವಲ್ಲವಲ್ಲ ಎಂಬುದು ಅವಳ ಸಮಾಧಾನ. ತಿಂಗಳು ತುಂಬಿತು. ಮುಂದಿನ ದ್ವಾದಶಿಗೆ ಅವಳೊಬ್ಬಳಿಗಾಗಿ ಅವ್ವ ಪುಂಡಿ ಬೇಯಿಸಿದಳು. ಮೊದಲು ಬಟ್ಟಲಲ್ಲಿ ನೀರು ಬಂತು. ಅಜ್ಜಿ ಕಣ್ಣು ಮುಚ್ಚಿ ಕುಡಿದಳು, ಮುಗಿದ ಮೇಲೂ ಕಣ್ಣು ತೆರೆಯಲು ತಡಮಾಡಿದಳು. ಆಮೇಲೆ ಎಷ್ಟೋ ವರ್ಷ ನಮ್ಮೊಂದಿಗಿದ್ದಳು. ಈಗ ಆ ಮನೆ ಇಲ್ಲ, ಅಲ್ಲಿ ಬೇರೆಯವರ ಕಟ್ಟಡ ಎದ್ದಿದೆ. ನೀಲಮ್ಮ ಕಾಕಿಯ ಹಿತ್ತಲೂ ಇಲ್ಲ. ಶಹಾಬಾದದ ಕಡೆ ಹೋದರೆ ನಾನು ಆ ಓಣಿಗೆ ತಿರುಗುವುದಿಲ್ಲ.

ಇನ್ನೊಂದು ಹೇಳುವುದು ಉಳಿದಿದೆ, ಹೇಳಿಬಿಡುತ್ತೇನೆ. ಈ ಮಳೆಗಾಲದಲ್ಲಿ ಒಂದು ದಿನ ಸುಮಾ ಪುಂಡಿ ಬೇಯಿಸಿ, ನೀರು ಬಸಿದು ಬದಿಗಿಟ್ಟು, ಫೋನು ಬಂತೆಂದು ಆಚೆ ಹೋದವಳು ಚೆಲ್ಲುವುದನ್ನೇ ಮರೆತಳು. ನಾನು ನೀರು ಕುಡಿಯಲು ಒಳಗೆ ಹೋಗಿದ್ದೆ. ಲೋಟ ಕೈಯಲ್ಲೇ ಇತ್ತು. ಉಪ್ಪಿಲ್ಲ, ಜೀರಿಗೆಯಿಲ್ಲ, ಆದರೂ ಅದೇ ಹುಳಿ, ಅದೇ ಶ್ರಾವಣ. ಅರ್ಧ ಲೋಟ ಕುಡಿದೆ. ಎರಡನೆಯ ಸಲ ಅವಳು ಪುಂಡಿ ತಂದಾಗ ನಾನೇ ಫೋನು ಬಂದಂತಾಯಿತೆಂದು ಸುಳ್ಳು ಹೇಳಿ ಅವಳನ್ನು ಹೊರಗೆ ಕಳಿಸಿದೆ. ಮೂರನೆಯ ಸಲಕ್ಕೆ ನೆಪವೂ ಬೇಕಾಗಲಿಲ್ಲ. ಅವಳ ಕಣ್ಣು ತಪ್ಪಿಸುವುದು ಕೈಗೂಡಿತ್ತು. ಆ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ ಏರಿತ್ತು. ಡಾಕ್ಟರು ನನ್ನನ್ನು ಬಿಟ್ಟು ಸುಮಾಳನ್ನು ತರಾಟೆಗೆ ತೆಗೆದುಕೊಂಡರು: ತಾಯಿಗೆ ಏನು ತಿನ್ನಿಸುತ್ತಿದ್ದೀರಿ, ಹೃದಯ ನಿಂತುಹೋಗುತ್ತದೆ, ಗೊತ್ತಿದೆಯೇ ಎಂದು. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ಫ್ರಿಜ್ಜಿನ ಮೇಲಿನ ಆ ಹಾಳೆಯ ಎದುರು ನಿಂತು, ತಾನು ಎಲ್ಲಿ ತಪ್ಪಿದೆನೆಂದು ಬೆರಳಿಟ್ಟು ಸಾಲುಸಾಲಾಗಿ ಓದುತ್ತಿದ್ದಳು. ನನಗೆ ನೋಡಲಾಗಲಿಲ್ಲ.

"ನಿಂದೇನೂ ತಪ್ಪಿಲ್ಲ ಸುಮಾ. ಮೊದಲನೇ ದಿ‍ನದ್ದು ನಿನ್ನ ಮರವು. ಉಳಿದದ್ದು ನಂದು."

ಎಲ್ಲ ಹೇಳಿದೆ, ಅಜ್ಜಿಯ ಕತೆಯನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ತಿಂಗಳು ಪುಂಡಿಯನ್ನೇ ತರಲಿಲ್ಲ.

ನಿನ್ನೆ ತಂದಳು. ಮೂರು ನೀರಿನಲ್ಲಿ ತೊಳೆದಳು, ದೊಡ್ಡ ಪಾತ್ರೆಯಲ್ಲಿ ಕುದಿಸಿದಳು. ಬಟ್ಟೆಯಿಂದ ಪಾತ್ರೆಯ ಎರಡೂ ಬದಿ ಹಿಡಿದು ಎತ್ತಿ, ನಾನು ಎಂದಿನಂತೆ ಹೊರಗೆ ಹೋಗಲೆಂದು ಸ್ವಲ್ಪ ತಡೆದಳು.

"ಅಮ್ಮಾ, ನೀರು ಬಸೀಲಿಕ್ಕತ್ತೀನಿ."

ಅಡುಗೆಮನೆ ತುಂಬ ಆ ಹುಳಿ ವಾಸನೆ ಹಬ್ಬಿತ್ತು. ನಾನು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಮೋರಿಯ ಎದುರಿಗೇ ಕುಳಿತೆ.

"ಬಸಿಯವಾ. ನಾ ನೋಡ್ತೀನಿ."